ಎಂಆರ್‌ಐ ಒಳಗಿನ ಇಇಜಿ ಶುದ್ಧವಾಯಿತು, ಕೈಹಾಕಿದವರಿಗೆಲ್ಲ ನಮಸ್ಕಾರ

ಎಂಆರ್‌ಐ ಸ್ಕ್ಯಾನ್ ನಡೆಯುವಾಗಲೇ ತೆಗೆದ ಇಇಜಿ (ತಲೆಯ ಮೇಲಿನ ಎಲೆಕ್ಟ್ರೋಡ್‌ಗಳು ಹಿಡಿದ ಮಿದುಳಿನ ವಿದ್ಯುತ್ ಅಲೆ) ಕಡತಗಳಲ್ಲಿ ಕೊನೆಯದೂ ಸ್ಕ್ಯಾನರಿನ, ನಾಡಿಯ ಗದ್ದಲ ಕಳೆದು ಶುದ್ಧವಾಯಿತು. ಶಹಬ್ಬಾಸ್‌ಗಿರಿ ಕಂಪ್ಯೂಟರ್ ಮುಂದೆ ಕೂತವರಿಗೆ ಸಿಗುತ್ತಿದೆ. ಅದರಲ್ಲಿ ಮುಕ್ಕಾಲು ಪಾಲು ಸ್ಕ್ಯಾನರ್ ಕೋಣೆಯಲ್ಲಿ ಓಡಾಡಿದವರದು.

ಮೊದಲು ಎಲೆಕ್ಟ್ರೋಡ್‌ಗಳ ಕ್ಯಾಪ್ ಹಾಕಿದ ಟೆಕ್ನಿಷಿಯನ್ನರು. ಕೂದಲು ಸರಿಸಿ, ಜೆಲ್ ತುಂಬಿ, ತಂತಿಗಳನ್ನು ಎಲ್ಲೂ ಸುರುಳಿಯಾಗಲು ಬಿಡದೆ ನೇರವಾಗಿ ಹಿಂದಕ್ಕೆ ಎಳೆದು, ಮೇಲೆ ಮರಳಿನ ಚೀಲ ಇಟ್ಟರು. ಸುರುಳಿಯಾದ ತಂತಿ ಕಾದು ಚರ್ಮ ಸುಡಬಹುದು. ಅಲುಗುವ ತಂತಿ ಸುಡುವುದಿಲ್ಲ, ಆದರೆ ಅದರ ಅಲುಗಾಟವೇ ಅಲೆಯಾಗಿ ದಾಖಲಾಗುತ್ತದೆ. ಅದಕ್ಕೆ ಲಯ ಇರುವುದಿಲ್ಲವಾದ್ದರಿಂದ ಆಮೇಲೆ ಕಳೆಯುವುದು ಬಲು ಕಷ್ಟ.

ಎಂಜಿನಿಯರ್‌ಗೆ ಎರಡು ಋಣ. ಮೊದಲನೆಯದು, ಸ್ಕ್ಯಾನರಿನ ಗಡಿಯಾರಕ್ಕೆ, ಇಇಜಿಯನ್ನು ಹಿಗ್ಗಿಸಿ ದಾಖಲಿಸುವ ಆಂಪ್ಲಿಫೈಯರಿನ ಗಡಿಯಾರವನ್ನು ಕಟ್ಟಿದ್ದು. ಮಿದುಳಿನ ಅಲೆ ಹತ್ತಾರು ಮೈಕ್ರೋವೋಲ್ಟ್. ಚಿತ್ರ ತೆಗೆಯಲು ಸ್ಕ್ಯಾನರ್ ಬೇಗಬೇಗ ಬದಲಿಸುವ ಕಾಂತಕ್ಷೇತ್ರ, ಅಂದರೆ ಗ್ರೇಡಿಯೆಂಟ್, ಎಬ್ಬಿಸುವ ಗದ್ದಲ ಸಾವಿರಾರು. 2000ದಲ್ಲಿ ಆಲೆನ್, ಜೋಸೆಫ್ಸ್ ಮತ್ತು ಟರ್ನರ್ ಕೊಟ್ಟ ಉಪಾಯ ಸರಳ: ಗದ್ದಲ ಸುತ್ತು ಸುತ್ತಿಗೂ ಒಂದೇ ಆಕಾರದ್ದು, ಮಿದುಳಿನದು ಹಾಗಲ್ಲ, ಹಲವು ಸುತ್ತುಗಳ ಸರಾಸರಿ ತೆಗೆದು ಕಳೆಯಿರಿ. ಆದರೆ 5000 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 5000 ಸಲ ಅಳೆದರೆ) ಒಂದು ಸ್ಯಾಂಪಲ್ ಅಂದರೆ 200 ಮೈಕ್ರೋಸೆಕೆಂಡ್, ಗ್ರೇಡಿಯೆಂಟ್ ಅದಕ್ಕಿಂತ ಬೇಗ ಬದಲಾಗುತ್ತದೆ. 2 ಸೆಕೆಂಡಿನ ಟಿಆರ್‌ಗೆ (ಒಂದು ಸುತ್ತು ಸ್ಕ್ಯಾನ್‌ಗೆ ಹಿಡಿಯುವ ಹೊತ್ತು) ಸರಿಯಾಗಿ 10,000 ಸ್ಯಾಂಪಲ್ ಬೀಳದಿದ್ದರೆ ಆಕಾರಗಳು ಒಂದರ ಮೇಲೊಂದು ಕೂರುವುದಿಲ್ಲ. ಆ ಸುತ್ತಿನಲ್ಲಿ 40 ಸ್ಲೈಸ್ (ಮಿದುಳಿನ ಪದರ ಚಿತ್ರ) ಇದ್ದಲ್ಲಿ 20 ಹರ್ಟ್ಸ್‌ನಲ್ಲೂ ಅದರ ಗುಣಕಗಳಲ್ಲೂ ಗದ್ದಲದ ಮುಳ್ಳು ಉಳಿಯುತ್ತದೆ. 20 ಹರ್ಟ್ಸ್ ಅಂದರೆ ಮಿದುಳಿನ ಬೀಟಾ ಅಲೆಯ ಜಾಗ. ಅದನ್ನು ಮಿದುಳಿನದೆಂದೇ ನಂಬಿ ಪ್ರಬಂಧ ಬರೆದುಬಿಡಬಹುದು!

ಎರಡನೆಯದು, ನಿಯಮ ಒಪ್ಪುವಷ್ಟು ಹೊತ್ತು, ಕಾಂತವನ್ನು ತಣ್ಣಗಿಡುವ ಹೀಲಿಯಂ ಪಂಪ್ ನಿಲ್ಲಿಸಿ, ಮರೆಯದೆ ಮತ್ತೆ ಚಾಲೂ ಮಾಡಿದ್ದು. ಆ ಪಂಪಿನ ಕಂಪನ ಮಿದುಳಿನ ವೇಗದ ಅಲೆಗಳಾದ ಗಾಮಾ ಅಲೆಗಳ ಜಾಗಕ್ಕೇ ಬಂದು ಕೂರುತ್ತದೆ.

ಇಸಿಜಿಯ (ಹೃದಯದ ವಿದ್ಯುತ್ ದಾಖಲೆ) ಒಂದೊಂದು ಬಡಿತವನ್ನೂ ಕಣ್ಣಲ್ಲೇ ನೋಡಿದ ವಿದ್ಯಾರ್ಥಿಗಳಿಗೆ ಏನು ಹೇಳೋಣ? ಕಾಂತದೊಳಗೆ ಹರಿಯುವ ರಕ್ತವೇ ವೋಲ್ಟೇಜ್ ಹುಟ್ಟಿಸುವುದರಿಂದ ಬಡಿತದ ಕೊನೆಯ ಟಿ ಅಲೆ ಉಬ್ಬುತ್ತದೆ, ಪ್ರೋಗ್ರಾಮ್ ಅದನ್ನೇ ಬಡಿತದ ಚೂಪು ತುದಿಯಾದ ಆರ್ ಎಂದು ಗುರುತು ಹಾಕುತ್ತದೆ. ನಾಡಿಯ ಗದ್ದಲ ತಲೆಯಲ್ಲಿ ಕಾಣುವುದು ಆರ್ ಆದ ಸುಮಾರು 210 ಮಿಲಿಸೆಕೆಂಡಿಗೆ. ಇದನ್ನೂ ಹಲವು ಬಡಿತಗಳ ಸರಾಸರಿ ತೆಗೆದೇ ಕಳೆಯುವುದು, ಗುರುತು ತಪ್ಪಿದರೆ ಸರಾಸರಿಯೇ ಕೆಡುತ್ತದೆ. ಬಡಿತದಿಂದ ಬಡಿತಕ್ಕೆ ಆಕಾರ ಬದಲಾಗುವ ಕಡೆ ನಿಯಾಝಿ ಮತ್ತು ಸಂಗಡಿಗರು 2005ರಲ್ಲಿ ಕೊಟ್ಟ, ಗದ್ದಲದ ಮುಖ್ಯ ಆಕಾರಗಳನ್ನು (ಘಟಕ) ಹುಡುಕಿ ಕಳೆಯುವ ವಿಧಾನ ಕೈಹಿಡಿಯಿತು. ಅದರಲ್ಲಿ 3 ಅಥವಾ 4 ಘಟಕಕ್ಕೆ ನಿಲ್ಲುವುದು ಮೇಲು, ಆಸೆಪಟ್ಟು ಹೆಚ್ಚು ಕಳೆದರೆ ಮಿದುಳೂ ಜೊತೆಗೇ ಹೋಗುತ್ತದೆ.

ತಲೆ ಅಲುಗಿಸದೆ ಮಲಗಿದ ಸ್ವಯಂಸೇವಕರೇ, ನಿಮಗೆ ದೊಡ್ಡ ನಮಸ್ಕಾರ. ಸ್ಕ್ಯಾನರಿನ ಹೊರಗೂ 2 ನಿಮಿಷ ಕಣ್ಣು ಮುಚ್ಚಿ ಕೂರಿಸಿದ್ದೇಕೆ ಎಂದು ಕೇಳಿದ್ದಿರಿ. ಕಣ್ಣು ಮುಚ್ಚಿದಾಗ ಹಿಂದಲೆಯಲ್ಲಿ ಏಳುವ, 10 ಹರ್ಟ್ಸ್ ಆಸುಪಾಸಿನ ಆಲ್ಫಾ ಶುದ್ಧವಾದ ಕಡತದಲ್ಲೂ ಅಷ್ಟೇ ಎತ್ತರಕ್ಕೆ ಕಂಡರೆ ನಾವು ಕಳೆದದ್ದು ಗದ್ದಲವನ್ನು ಮಾತ್ರ. ತಾಳೆ ನೋಡಲು ಬೇರೆ ಅಳತೆಗೋಲು ನಮ್ಮಲ್ಲಿರಲಿಲ್ಲ.

ಡಿಸ್ಕ್ ಜಾಗ ಕೊಟ್ಟವರನ್ನು ಬಿಟ್ಟರೆ ತಪ್ಪಾದೀತು. 32 ಚಾನೆಲ್, 16 ಬಿಟ್, ಗಂಟೆಗೆ ಸುಮಾರು 1.15 ಗಿಗಾಬೈಟ್. ಗ್ರೇಡಿಯೆಂಟ್ ಕಳೆದ ಮೇಲೆ 250 ಹರ್ಟ್ಸ್‌ಗೆ ಇಳಿಸಿದ್ದು ಪ್ರತಿಯನ್ನು ಮಾತ್ರ, ಮೂಲ ಕಡತ ಹಾಗೇ ಇದೆ. ಅದನ್ನು ಅಳಿಸಿ ಎಂದು ಯಾರೂ ಕೇಳಲಿಲ್ಲ, ಅದಕ್ಕೂ ವಂದನೆ.