ಅವ್ವಾ, ಆ ಪುಡಿ ಪೊಟ್ಟಣ ತಗೊಂಡ ಬಳ್ಳಾರಿಗೆ ಹೋಗು

ಅವ್ವಗ ನಮಸ್ಕಾರ. ನಾ ಇಲ್ಲಿ ಜರ್ಮನ್ಯಾಗ ಆರಾಮ ಅದೀನಿ. ಬಸು ಬರದ ಪತ್ರ ಮುಟ್ಟಿತು. ಇದನ್ನ ಅವನ ಕಡಿಂದನ ಓದಿಸ್ಕೋ.

ಮದಲ ಪುಡಿ ಮಾತು. ಸಂತ್ಯಾಗಿನ ಪುಡಿ ನುಂಗಿದ ನಾಕ ದಿನಕ್ಕ ಬಾವು ಇಳೀತು, ಅವ್ವ ಮತ್ತ ರೊಟ್ಟಿ ಬಡಿಯಾಕ ಕುಂತಳು ಅಂತ ಬಸು ಭಾಳ ಖುಷೀಲೆ ಬರದಾನ. ಅದರ ಕೆಳಗನ ಮುಖ ದುಂಡಗ ಉಬ್ಬೈತಿ, ಸಕ್ಕರಿ ಏರೈತಿ ಅಂತನೂ ಬರದಾನ. ಹುಡುಗಗ ಎರಡಕ್ಕೂ ಗಂಟು ಬಿದ್ದಿಲ್ಲ. ಬಾವು ಲಗೂನ ಇಳಿಸಿ, ಮುಖ ಉಬ್ಬಿಸಿ ಸಕ್ಕರಿ ಏರಿಸೂ ಸ್ಟಿರಾಯ್ಡ್ ಔಷಧ ಹೆಸರಿಲ್ಲದ ಇಂಥ ಪುಡಿಯೊಳಗ ಬೆರಸೂದು ಹೊಸಾದೇನಲ್ಲ. ಹಂಗಂತ ಗಾಬರಿ ಆಗಿ ಒಮ್ಮೆಲೆ ಬಿಡಬ್ಯಾಡ, ಅದೂ ಅಪಾಯ. ನಾಳೇನ ಪೊಟ್ಟಣ ಸೈತ ಡಾಕ್ಟರಿಗೆ ತೋರಿಸು, ಅವರು ಹೇಳಿದಂಗ ಬಿಡು.

ಡಾಕ್ಟರು ಕೀಲುಬ್ಯಾನಿಗೆ ಕೊಟ್ಟ ಮೆಥೊಟ್ರೆಕ್ಸೇಟ್ ಗುಳಿಗಿ ಯಾಕ ನಿಲ್ಲಿಸಿದಿ? ಗುಳಿಗಿ ಬಿಟ್ಟು ಎಣ್ಣಿ ತಿಕ್ಕು ಅಂತ ಸಾವಕ್ಕ ಹೇಳಿದ್ಲಂತ. ಸಾವಕ್ಕಂದು ಮೊಣಕಾಲು ಸವದ ಸಂಧಿವಾತ, ಎಣ್ಣಿ ತಿಕ್ಕಿದ್ರ ಆಕಿಗೆ ಹಿತ. ನಿಂದು ಆಮವಾತ, ಕೀಲು ಬಾತು ನೋಯೂ ಬ್ಯಾರೆ ರೋಗ. ಬಾವು ಇದ್ದಾಗ ಎಣ್ಣಿ ಮುಟ್ಟಿಸಬ್ಯಾಡ ಅಂತ ಆಯುರ್ವೇದದವರ ಹೇಳ್ತಾರ. ಉಸುಕು ಹುರದು ಅರಿವ್ಯಾಗ ಗಂಟು ಕಟ್ಟಿ ಒಣ ಕಾವು ಕೊಡ್ತಾರ, ಶುಂಠಿ, ಹಗೂರ ಊಟ, ಆಮ್ಯಾಲ ಔಡಲೆಣ್ಣಿ, ಬಸ್ತಿ (ಔಷಧದ ಎನಿಮಾ). ಮಸರು, ಉದ್ದಿನ ವಡಿ ದೂರ ಇಡು. ಔಡಲೆಣ್ಣಿ ಮನ್ಯಾಗ ಐತಂತ ನೀನ ಅಳತಿ ಮಾಡಿ ಕುಡೀಬ್ಯಾಡ ಮತ್ತ.

ಆಯುರ್ವೇದ ಬ್ಯಾಡ ಅಂತ ನಾ ಅಂದಿಲ್ಲ. ಬಳ್ಳಾರ್ಯಾಗ ತಾರಾನಾಥ ಸರಕಾರಿ ಆಯುರ್ವೇದ ಕಾಲೇಜು ಐತಲ್ಲ, ಅದರ ಆಸ್ಪತ್ರಿಗೆ ಹೋಗು. ರಾಯಚೂರಾಗ ಹಮದರ್ದ್ ಶಾಲಿ ತೆಗೆದ ಪಂಡಿತ ತಾರಾನಾಥರ ಹೆಸರಿನ ಕಾಲೇಜದು, ಅಜ್ಜ ಅವರ ಹೆಸರು ಹೇಳಿದ್ರ ಕೈ ಮುಗೀತಿದ್ದ. ಅಲ್ಲಿಯವರಿಗೆ ಗುಳಿಗಿ ವಿಷಯ ಮುಚ್ಚಿಡಬ್ಯಾಡ, ಗುಳಿಗಿ ಡಾಕ್ಟರಿಗೆ ಕಷಾಯದ ವಿಷಯನೂ ಹೇಳು. ಅವರು ಮತ್ತ ಗುಳಿಗಿ ಚಾಲೂ ಮಾಡಂದ್ರ ವಾರಕ್ಕ ಒಂದ ದಿನ, ದಿನಾ ಅಲ್ಲ! ಗೋಡಿ ಕ್ಯಾಲೆಂಡರಿನ ಮ್ಯಾಲ ಬಸು ಕೆಂಪು ಪೆನ್ನಿಲೆ ಗುರ್ತು ಹಾಕಲಿ. ಲಿವರ್ ನೋಡೂ ರಕ್ತ ತಪಾಸಣಿ ತಪ್ಪಿಸಬ್ಯಾಡ.

ಈ ಜರ್ಮನಿಯವರೂ ನಮಗಿಂತ ಕಡಿಮಿ ಏನಿಲ್ಲ. ಊರ ಹೆಸರಿನ ಮುಂದ 'ಬಾಡ್' ಅಂತ ಇದ್ರ ಅಲ್ಲಿ ಸ್ನಾನದ ಚಿಕಿತ್ಸೆ ಅಂತ ತಿಳ್ಕೊ. ಕೀಲು ನೋಯೂ ಮುದುಕರನ್ನ ಕುತ್ತಿಗಿತನ ಬಿಸಿ ಕೆಸರಿನ್ಯಾಗ ಕೂಡಸ್ತಾರ, ನಮ್ಮ ಎಮ್ಮಿ ಹೊಂಡದಾಗ ಮಲಗಿದಂಗ! ನಮ್ಮ ಉಸುಕಿನ ಗಂಟಿಗೆ ಯಾರರ ನಕ್ಕರ ಇದನ್ನ ಹೇಳು. ರವಿವಾರ ಅಂಗಡಿ ಬಂದ್, ಖಾಲಿ ಬಾಟಲಿ ಡಬ್ಬಿಗೆ ಹಾಕಿದ್ರೂ ಸಪ್ಪಳ ಅಂತ ಬೈತಾರ. ಚಳಿ ಐತಿ, ಆದ್ರ ಮನಿ ಒಳಗ ಬೆಚ್ಚಗ. ಹೊತ್ತಿಗೆ ಸರಿಯಾಗಿ ಉಣ್ತೀನಿ, ದಪ್ಪ ಆಗೀನಿ, ಖರೇನ ದಪ್ಪ ಆಗೀನಿ. ನನ್ನ ಚಿಂತಿ ಒಟ್ಟ ಮಾಡಬ್ಯಾಡ.

ಬಸುನ ಖಾತೆಗೆ ರೊಕ್ಕ ಹಾಕೀನಿ, ಜ್ವಾಳ ಮಾರಿದ ರೊಕ್ಕ ಮುಟ್ಟಬ್ಯಾಡ್ರಿ. ಬಸ್ಸಿನ್ಯಾಗ ಕುಲುಕಿಸ್ಕೊಂಡು ಹೋಗಬ್ಯಾಡ, ಕೊಪ್ಪಳದಿಂದ ರೈಲಿಗೆ ಹೋಗು. ಅಪ್ಪಗ ಬಿ.ಪಿ. ಗುಳಿಗಿ ನೆನಪ ಮಾಡು. ಡ್ಯೂಟಿಗೆ ಹೊತ್ತಾತು, ಉಳದದ್ದು ಫೋನಿನ್ಯಾಗ.

ನಿನ್ನ ಮಗ
ವೀರೇಶ