ಇಲಿಯಲ್ಲಿ ಕರಗಿದ ಗಡ್ಡೆಯೂ ಫಾರ್ಮಲಿನ್ ಡಬ್ಬಿಯೂ

ಮಾನ್ಯ ಸಂಪಾದಕರೆ,

ಮೆದುಳಿನ ಗಡ್ಡೆಗೆ ಮದ್ದು ಸಿಕ್ಕಿತು ಎಂಬ ತಲೆಬರಹ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಒಳಗೆ ಓದಿದರೆ ಬಹುಪಾಲು ಸಲ ಅದು ಇಲಿಯ ಮೇಲೆ ಮಾಡಿದ ಪ್ರಯೋಗ. ಮನೆಯಲ್ಲಿ ಕಾಯಿಲೆಯವರಿರುವ ಕುಟುಂಬಕ್ಕೆ ಅಂಥ ನಾಲ್ಕು ಸಾಲು ಎಷ್ಟು ಆಸೆ ಹುಟ್ಟಿಸುತ್ತದೆ, ಆಮೇಲೆ ಎಷ್ಟು ನೋಯಿಸುತ್ತದೆ ಎಂಬುದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ಮೆದುಳು ಗಡ್ಡೆಯ ಸಂಶೋಧನೆಯಲ್ಲಿ ಒಬ್ಬ ವಿಜ್ಞಾನಿ ಇಡೀ ಜೀವಮಾನ ದುಡಿದರೆ ರೋಗಿಯ ಕೈಗೆ ಏನು ಸೇರುತ್ತದೆ ಎಂಬುದನ್ನು ಅಮೆರಿಕದ ವೆಬ್‌ಸ್ಟರ್ ಕ್ಯಾವನೀ ಅವರ ಕೆಲಸವನ್ನೇ ಹಿಡಿದು ಹೇಳಬೇಕೆನಿಸಿತು. ಪತ್ರ ಉದ್ದವಾದರೆ ಮನ್ನಿಸಬೇಕು.

ಕ್ಯಾವನೀ ಶುರುಮಾಡಿದ್ದು ಮೆದುಳಿನಿಂದಲ್ಲ, ಚಿಕ್ಕ ಮಕ್ಕಳ ಕಣ್ಣಿನೊಳಗೆ ಬೆಳೆಯುವ ರೆಟಿನೊಬ್ಲಾಸ್ಟೋಮಾ ಗಡ್ಡೆಯಿಂದ. ಒಂದು ಜೀನಿನ ಎರಡೂ ಪ್ರತಿಗಳು ಕೆಟ್ಟಾಗ ಮಾತ್ರ ಈ ಗಡ್ಡೆ ಬರುತ್ತದೆಂದು ಆಲ್ಫ್ರೆಡ್ ನುಡ್ಸನ್ 1971ರಲ್ಲಿ ಲೆಕ್ಕ ಹಾಕಿ ಹೇಳಿದ್ದರು. ಅದಕ್ಕೆ ಡಿಎನ್‌ಎಯ ಸಾಕ್ಷ್ಯ ಬೇಕಿತ್ತು. ಉಟಾದ ರೇ ವೈಟ್ ಮೊದಲಾದವರೊಂದಿಗೆ ಸೇರಿ ಕ್ಯಾವನೀ 1983ರಲ್ಲಿ ಆ ಸಾಕ್ಷ್ಯ ಕೊಟ್ಟರು. ದಾರಿ ಸರಳವಾಗಿತ್ತು, ಕೈಕೆಲಸ ಕಠಿಣವಾಗಿತ್ತು. ಅದೇ ಮಗುವಿನ ರಕ್ತದ ಡಿಎನ್‌ಎ ಒಂದು ಕಡೆ, ಗಡ್ಡೆಯ ಡಿಎನ್‌ಎ ಪಕ್ಕದಲ್ಲಿ. ಎರಡನ್ನೂ ರಿಸ್ಟ್ರಿಕ್ಷನ್ ಕಿಣ್ವದಿಂದ ಕತ್ತರಿಸಿ, ಜೆಲ್ಲಿನಲ್ಲಿ ಓಡಿಸಿ, ಹಾಳೆಗೆ ಇಳಿಸಿ, ವಿಕಿರಣಶೀಲ ರಂಜಕ ಹಚ್ಚಿದ ಡಿಎನ್‌ಎ ತುಣುಕು ಅಂಟಿಸಿ, ಎಕ್ಸ್‌ರೇ ಫಿಲ್ಮಿನ ಮೇಲೆ ದಿನಗಟ್ಟಲೆ ಇಡಬೇಕು. ರಕ್ತದಲ್ಲಿ ಎರಡು ಗೆರೆ ಮೂಡಿ ಗಡ್ಡೆಯಲ್ಲಿ ಒಂದೇ ಮೂಡಿದರೆ, 13ನೇ ವರ್ಣತಂತುವಿನ ಆ ಭಾಗದ ಒಂದು ಪ್ರತಿ ಗಡ್ಡೆಯಲ್ಲಿ ಕಳೆದುಹೋಗಿದೆ ಎಂದರ್ಥ.

ಈ ವಿಧಾನ ಎಲ್ಲಿ ಕೈಕೊಡುತ್ತದೆ ಎಂಬುದೇ ಮುಂದಿನ ಎಲ್ಲದಕ್ಕೂ ಕೀಲಿ. ಒಂದು ಪರೀಕ್ಷೆಗೆ 5ರಿಂದ 10 ಮೈಕ್ರೋಗ್ರಾಂ ಮುರಿಯದ ಡಿಎನ್‌ಎ ಬೇಕಾಗುತ್ತಿತ್ತು. ಆಪರೇಷನ್ನಿನಲ್ಲಿ ತೆಗೆದ ತುಣುಕಿನಲ್ಲಿ ಗಡ್ಡೆಯ ಕೋಶಗಳ ಜೊತೆ ರಕ್ತನಾಳದ ಕೋಶ, ಆರೋಗ್ಯವಂತ ಮೆದುಳಿನ ಕೋಶ ಬೆರೆತಿದ್ದರೆ ಕಳೆದುಹೋಗಬೇಕಾದ ಗೆರೆ ಮಸುಕಾಗಿ ಉಳಿದುಬಿಡುತ್ತದೆ, ‘ಏನೂ ಕಳೆದಿಲ್ಲ’ ಎಂಬ ತಪ್ಪು ಉತ್ತರ ಬರುತ್ತದೆ. ಕಣ್ಣಿನ ಗಡ್ಡೆ ಒತ್ತೊತ್ತಾಗಿ ಬೆಳೆಯುವುದರಿಂದ ಈ ತೊಂದರೆ ಕಡಿಮೆ. ಮೆದುಳಿನ ಗ್ಲಿಯೋಮಾ ಹಾಗಲ್ಲ, ಗರಿಕೆ ಬೇರಿನಂತೆ ಒಳ್ಳೆಯ ಅಂಗಾಂಶದೊಳಗೆ ಹರಡಿಕೊಳ್ಳುತ್ತದೆ. ನಡುಭಾಗ ಸತ್ತು ಕೊಳೆತಿರುತ್ತದೆ, ಅಂಚಿನಲ್ಲಿ ಅರ್ಧಕ್ಕರ್ಧ ಒಳ್ಳೆಯ ಕೋಶವೇ ಇರುತ್ತದೆ.

ಇಷ್ಟೆಲ್ಲ ಅಡ್ಡಿಯ ನಡುವೆ 1988ರಲ್ಲಿ ಡೇವಿಡ್ ಜೇಮ್ಸ್, ಕ್ಯಾವನೀ ಮತ್ತು ಸಂಗಡಿಗರು ಬೇರೆ ಬೇರೆ ದರ್ಜೆಯ ಗ್ಲಿಯೋಮಾಗಳನ್ನು ಹೋಲಿಸಿ, ಅತ್ಯಂತ ಉಗ್ರವಾದ ಗ್ಲಿಯೊಬ್ಲಾಸ್ಟೋಮಾದಲ್ಲಿ 10ನೇ ವರ್ಣತಂತುವಿನ ಒಂದು ಪ್ರತಿ ಕಳೆದುಹೋಗಿರುವುದನ್ನು ತೋರಿಸಿದರು. ಕ್ಯಾವನೀ ಆಗ ಮಾಂಟ್ರಿಯಲ್‌ನ ಲುಡ್ವಿಗ್ ಕ್ಯಾನ್ಸರ್ ಸಂಸ್ಥೆಯಲ್ಲಿದ್ದರು. ಆ ದಿನ ಅದರಿಂದ ಯಾವ ರೋಗಿಗೂ ಉಪಯೋಗವಾಗಲಿಲ್ಲ. ಈ 1988ನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

1991ರಲ್ಲಿ ಅವರು ಅದೇ ಸಂಸ್ಥೆಯ ಸ್ಯಾನ್ ಡಿಯಾಗೋ ಶಾಖೆಯ ಮುಖ್ಯಸ್ಥರಾದರು. ಮುಂದಿನ ವರ್ಷಗಳ ದೊಡ್ಡ ಪಾಲು ಇಜಿಎಫ್‌ಆರ್ ಎಂಬ ಪ್ರೋಟೀನಿಗೆ ಮೀಸಲಾಯಿತು. ಕೋಶದ ಹೊರಮೈಯಲ್ಲಿದ್ದು ‘ಬೆಳೆ’ ಎಂಬ ಸಂಕೇತವನ್ನು ಒಳಕ್ಕೆ ದಾಟಿಸುವ ಗ್ರಾಹಿ ಅದು. ಸುಮಾರು ಅರ್ಧದಷ್ಟು ಗ್ಲಿಯೊಬ್ಲಾಸ್ಟೋಮಾಗಳಲ್ಲಿ ಈ ಜೀನಿನ ಪ್ರತಿಗಳು ಹತ್ತಾರು ಪಟ್ಟು ಹೆಚ್ಚಿರುತ್ತವೆ. ಅಂಥವುಗಳಲ್ಲಿ ಹಲವಕ್ಕೆ ಜೀನಿನಲ್ಲಿ ಪ್ರೋಟೀನಿನ ಸೂಚನೆ ಹೊತ್ತ ತುಂಡುಗಳಾದ ಎಕ್ಸಾನ್‌ಗಳ ಪೈಕಿ 2ರಿಂದ 7ನೆಯದರವರೆಗಿನ ಭಾಗ ಕಿತ್ತುಹೋಗಿ, 267 ಅಮೈನೋ ಆಮ್ಲ ಕಡಿಮೆಯಿರುವ ಮೊಟಕು ಗ್ರಾಹಿ ತಯಾರಾಗುತ್ತದೆ. ಹೊರಗಿನಿಂದ ಸಂಕೇತ ಬರಲಿ ಬಿಡಲಿ, ಅದು ಸದಾ ಚಾಲೂ. ಈ ಮೊಟಕು ಗ್ರಾಹಿಯನ್ನು ಗ್ಲಿಯೋಮಾ ಕೋಶಗಳಿಗೆ ಸೇರಿಸಿ ಇಲಿಗೆ ಚುಚ್ಚಿದಾಗ ಗಡ್ಡೆ ಬಹಳ ಬೇಗ ಬೆಳೆಯುತ್ತದೆಂದು ಕ್ಯಾವನೀ ಪ್ರಯೋಗಾಲಯದಿಂದ 1994ರಲ್ಲಿ ವರದಿಯಾಯಿತು. ಪ್ರಕಟಣೆಯ ಮೊದಲ ಲೇಖಕ ರ್‍ಯೋ ನಿಶಿಕಾವಾ.

ಗುರಿ ಸ್ಪಷ್ಟವಾಗಿತ್ತು: ಗಡ್ಡೆಯಲ್ಲಿದೆ, ಒಳ್ಳೆಯ ಮೆದುಳಿನಲ್ಲಿಲ್ಲ. ಆದರೂ ಈ ಗ್ರಾಹಿಯನ್ನು ತಡೆಯುವ ಮಾತ್ರೆಗಳು ಗ್ಲಿಯೊಬ್ಲಾಸ್ಟೋಮಾದಲ್ಲಿ ಸೋತವು. ಮೊಟಕು ಗ್ರಾಹಿಯನ್ನೇ ಗುರಿಯಿಟ್ಟ ರಿಂಡೊಪೆಪಿಮಟ್ ಲಸಿಕೆ ಆರಂಭದ ಸಣ್ಣ ಪರೀಕ್ಷೆಗಳಲ್ಲಿ ಭರವಸೆ ಮೂಡಿಸಿತ್ತು. 745 ರೋಗಿಗಳ ದೊಡ್ಡ ಪರೀಕ್ಷೆಯಲ್ಲಿ ಲಸಿಕೆ ಪಡೆದವರೂ ಪಡೆಯದವರೂ ಬದುಕಿದ ಅವಧಿ ಒಂದೇ ಆಯಿತು; ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಗಡ್ಡೆ ಮರಳಿದಾಗ ಲಸಿಕೆ ಪಡೆಯದ ಹಲವರಲ್ಲೂ ಮೊಟಕು ಗ್ರಾಹಿ ತಾನಾಗಿಯೇ ಮಾಯವಾಗಿತ್ತು. ಹೋಲಿಕೆಯ ಗುಂಪಿಲ್ಲದ ಪರೀಕ್ಷೆಯಲ್ಲಿ ಇದನ್ನೇ ಲಸಿಕೆಯ ಗೆಲುವೆಂದು ಎಣಿಸುವುದು ಸುಲಭ.

ಸೋಲಿಗೆ ಕಾರಣ ಹುಡುಕಿದವರಲ್ಲಿ ಅದೇ ಸ್ಯಾನ್ ಡಿಯಾಗೋದವರೂ ಇದ್ದರು. ಒಂದೇ ಗಡ್ಡೆಯಲ್ಲಿ ಕೆಲವು ಕೋಶಗಳಿಗಷ್ಟೇ ಮೊಟಕು ಗ್ರಾಹಿ ಇರುತ್ತದೆ. ಅವು ಹೊರಸೂಸುವ ಐಎಲ್-6 ಮೊದಲಾದ ಪ್ರೋಟೀನುಗಳು ಪಕ್ಕದ ಕೋಶಗಳನ್ನೂ ಬೆಳೆಸುತ್ತವೆ ಎಂದು 2010ರಲ್ಲಿ ಗೊತ್ತಾಯಿತು. ಈ ಜೀನಿನ ಹೆಚ್ಚುವರಿ ಪ್ರತಿಗಳು ವರ್ಣತಂತುವಿನ ಹೊರಗೆ ಬಿಡಿ ಉಂಗುರಗಳಾಗಿ ತೇಲುತ್ತಿರುತ್ತವೆ, ಔಷಧ ಕೊಟ್ಟಾಗ ಕೋಶಗಳು ಅವನ್ನು ಕಳೆದುಕೊಂಡು ಬದುಕುತ್ತವೆ, ನಿಲ್ಲಿಸಿದಾಗ ಅವು ಮತ್ತೆ ತಲೆಯೆತ್ತುತ್ತವೆ ಎಂಬುದು 2014ರಲ್ಲಿ ಪ್ರಕಟವಾಯಿತು. ರಕ್ತದಿಂದ ಮೆದುಳಿಗೆ ಔಷಧ ದಾಟದಂತೆ ತಡೆಯುವ ಗೋಡೆಯ ತೊಂದರೆ ಹೇಗೂ ಇದ್ದದ್ದೇ.

ಇಲಿ ಪ್ರಯೋಗದ ಬಗ್ಗೆ ಇನ್ನೊಂದು ಮಾತು. ಜಗತ್ತಿನ ಲೆಕ್ಕವಿಲ್ಲದಷ್ಟು ಪ್ರಯೋಗಾಲಯಗಳು ಬಳಸಿದ ಯು87 ಎಂಬ ಕೋಶಗಳು 1960ರ ದಶಕದಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಒಬ್ಬ ರೋಗಿಯಿಂದ ತೆಗೆದವು. ಕೋಶ ಭಂಡಾರ ಹಂಚುತ್ತಿದ್ದ ಯು87ರ ಡಿಎನ್‌ಎ ಆ ಮೂಲ ಗಡ್ಡೆಯದಕ್ಕೆ ಹೊಂದುವುದಿಲ್ಲವೆಂದು ಉಪ್ಸಾಲಾದವರೇ 2016ರಲ್ಲಿ ತೋರಿಸಿದರು. ಅಲ್ಲದೆ ಸೀರಂ (ರಕ್ತದ ತಿಳಿ ದ್ರವ) ಹಾಕಿ ತಟ್ಟೆಯಲ್ಲಿ ಬೆಳೆಸಿದರೆ ಗ್ಲಿಯೊಬ್ಲಾಸ್ಟೋಮಾ ಕೋಶಗಳು ಇಜಿಎಫ್‌ಆರ್‌ನ ಹೆಚ್ಚುವರಿ ಪ್ರತಿಗಳನ್ನು ಬೇಗ ಕಳೆದುಕೊಳ್ಳುತ್ತವೆ. ಸೀರಂನಲ್ಲೇ ಬೆಳವಣಿಗೆಯ ಸಂಕೇತ ಧಾರಾಳವಾಗಿರುವಾಗ ಅವಕ್ಕೆ ಆ ಪ್ರತಿಗಳ ಹಂಗಿಲ್ಲ. ಹಾಗಾಗಿ ‘ಇಲಿಯಲ್ಲಿ ಗಡ್ಡೆ ಕರಗಿತು’ ಎಂಬ ಸುದ್ದಿ ಬಂದರೆ ಯಾವ ಕೋಶ, ಯಾವ ಇಲಿ, ಹೋಲಿಕೆಯ ಗುಂಪು ಯಾವುದು ಎಂದು ನಿಮ್ಮ ವರದಿಗಾರರು ಕೇಳಿ ಒಂದು ಸಾಲು ಸೇರಿಸಲಿ ಎಂಬುದು ನಮ್ಮ ಕೋರಿಕೆ.

ಹಾಗಾದರೆ ಅಷ್ಟು ವರ್ಷದ ದುಡಿಮೆ ವ್ಯರ್ಥವೇ? ಖಂಡಿತ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮೆದುಳು ಗಡ್ಡೆಗಳನ್ನು ವರ್ಗೀಕರಿಸುವ ಕೈಪಿಡಿಗೆ 2000, 2007 ಮತ್ತು 2016ರಲ್ಲಿ ಸಂಪಾದಕರಾಗಿದ್ದವರಲ್ಲಿ ಕ್ಯಾವನೀ ಒಬ್ಬರು. ಮೊದಲೆರಡರಲ್ಲಿ ರೋಗದ ಹೆಸರು ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನೇ ಆಧರಿಸಿತ್ತು, ಜೀನಿನ ವಿವರ ಪಕ್ಕದ ಮಾಹಿತಿಯಾಗಿತ್ತು. 2016ರಲ್ಲಿ ಮೊದಲ ಬಾರಿಗೆ ಜೀನಿನ ಬದಲಾವಣೆ ರೋಗದ ಹೆಸರಿನೊಳಗೇ ಬಂತು. 2021ರ ಆವೃತ್ತಿಯ ಪ್ರಕಾರ, ವಯಸ್ಕರಲ್ಲಿ ಐಡಿಎಚ್ ಎಂಬ ಕಿಣ್ವದ ಜೀನಿನಲ್ಲಿ ಮ್ಯುಟೇಷನ್ (ಬದಲಾವಣೆ) ಇಲ್ಲದ, ಹರಡಿಕೊಂಡು ಬೆಳೆಯುವ ಆಸ್ಟ್ರೊಸೈಟೋಮಾ (ಗ್ಲಿಯೋಮಾದ ಒಂದು ಬಗೆ) ಸೂಕ್ಷ್ಮದರ್ಶಕದಲ್ಲಿ ಸೌಮ್ಯವಾಗಿ ಕಂಡರೂ, 7ನೇ ವರ್ಣತಂತು ಹೆಚ್ಚಾಗಿ 10ನೆಯದು ಕಳೆದುಹೋಗಿದ್ದರೆ ಅದು ಗ್ಲಿಯೊಬ್ಲಾಸ್ಟೋಮಾವೇ. 1988ರ ಆ 10ನೇ ವರ್ಣತಂತು ರೋಗಿಯ ವರದಿಗೆ ಇಳಿಯಲು 33 ವರ್ಷ ಹಿಡಿಯಿತು.

ಹೆಸರು ಬದಲಾದರೆ ಚಿಕಿತ್ಸೆಯೂ ಬದಲಾಗುತ್ತದೆ. ಗ್ಲಿಯೊಬ್ಲಾಸ್ಟೋಮಾಕ್ಕೆ 2005ರಿಂದ ರೂಢಿಯಲ್ಲಿರುವುದು ಆರು ವಾರ, 30 ಸಲ, ಒಟ್ಟು 60 ಗ್ರೇ (ವಿಕಿರಣದ ಅಳತೆ) ರೇಡಿಯೇಷನ್, ಜೊತೆಗೆ ಟೆಮೊಜೊಲೊಮೈಡ್ ಮಾತ್ರೆ. ಇದರಿಂದ ರೋಗಿಗಳ ಮಧ್ಯಾಂಕ (ಮೀಡಿಯನ್) ಆಯುಸ್ಸು 12.1 ತಿಂಗಳಿಂದ 14.6 ತಿಂಗಳಿಗೆ ಏರಿತ್ತು. ಈ ಮಾತ್ರೆ ಡಿಎನ್‌ಎಗೆ ಮಾಡುವ ಗಾಯವನ್ನು ಎಂಜಿಎಂಟಿ ಎಂಬ ಪ್ರೋಟೀನು ದುರಸ್ತಿ ಮಾಡಿಬಿಡುತ್ತದೆ. ಗಡ್ಡೆಯಲ್ಲಿ ಆ ಜೀನು ಮೀಥೈಲ್ ಗುಂಪು ಅಂಟಿ ಮುಚ್ಚಿಹೋಗಿದ್ದವರಿಗೆ ಅದೇ ಚಿಕಿತ್ಸೆಯಿಂದ 21.7 ತಿಂಗಳು ಸಿಕ್ಕಿತು. ಐಡಿಎಚ್ ಮ್ಯುಟೇಷನ್ನಿನದು ಇನ್ನೊಂದು ಕಥೆ. ಎಲ್ಲರೂ ಗ್ರಾಹಿಗಳ ಬೆನ್ನು ಹತ್ತಿದ್ದಾಗ, 2008ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ತಂಡ 22 ಗಡ್ಡೆಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜೀನುಗಳನ್ನು ಓದಿದಾಗ, ಯಾರೂ ಅನುಮಾನಿಸದಿದ್ದ ಈ ಚಯಾಪಚಯದ ಕಿಣ್ವ ಸಿಕ್ಕಿತು. ಅದನ್ನು ತಡೆಯುವ ವೊರಾಸಿಡೆನಿಬ್ ಮಾತ್ರೆ 2ನೇ ದರ್ಜೆಯ ಗಡ್ಡೆ ಮತ್ತೆ ಬೆಳೆಯುವುದನ್ನು 11.1 ತಿಂಗಳ ಬದಲು 27.7 ತಿಂಗಳವರೆಗೆ ತಡೆಹಿಡಿಯಿತೆಂದು 2023ರಲ್ಲಿ ಪ್ರಕಟವಾಯಿತು. 2024ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಐಡಿಎಚ್ ಪರೀಕ್ಷೆಯೇ ಆಗದ ರೋಗಿಗೆ ಈ ಮಾತ್ರೆಯ ಪ್ರಶ್ನೆಯೇ ಏಳುವುದಿಲ್ಲ.

ಆ ಪರೀಕ್ಷೆ ನಿಂತಿರುವುದು ಆಪರೇಷನ್ ಥಿಯೇಟರಿನಲ್ಲಿ ಗಡ್ಡೆಯ ತುಣುಕನ್ನು ಹೇಗೆ ನೋಡಿಕೊಂಡರು ಎಂಬುದರ ಮೇಲೆ. ಇದನ್ನು ವಿವರವಾಗಿ ಬರೆಯುತ್ತೇವೆ, ಏಕೆಂದರೆ ಹಾಳಾಗುವುದು ಇಲ್ಲೇ. ತುಣುಕನ್ನು ಸತ್ತ ನಡುಭಾಗದಿಂದಲ್ಲ, ಎಂಆರ್‌ಐಯಲ್ಲಿ ಬೆಳ್ಳಗೆ ಹೊಳೆಯುವ ಅಂಚಿನಿಂದ ತೆಗೆಯಬೇಕು. ಒಣ ಗಾಜ್ ಬಟ್ಟೆಯಲ್ಲಿ ಸುತ್ತಿಟ್ಟರೆ ಅಂಚು ಒಣಗಿ ಕೆಡುತ್ತದೆ, ಸಲೈನ್‌ನಲ್ಲಿ ಗಂಟೆಗಟ್ಟಲೆ ಬಿಟ್ಟರೆ ಕೋಶಗಳು ತಾವಾಗಿಯೇ ಕೊಳೆಯುತ್ತವೆ. ಒಂದು ಗಂಟೆಯೊಳಗೆ, ಅಗಲ ಬಾಯಿಯ ಡಬ್ಬಿಯಲ್ಲಿ, ತುಣುಕಿನ ಹತ್ತು ಪಟ್ಟಾದರೂ ಇರುವ, ಅಂಗಾಂಶ ಕೊಳೆಯದಂತೆ ಕಾಯುವ ಫಾರ್ಮಲಿನ್‌ಗೆ ಬೀಳಬೇಕು. ಅಂಗಡಿಯಲ್ಲಿ ಸಿಗುವ ಗಟ್ಟಿ ಫಾರ್ಮಲಿನ್ 100 ಮಿಲಿಗೆ 900 ಮಿಲಿ ಶುದ್ಧೀಕರಿಸಿದ ನೀರು, ಅದಕ್ಕೆ ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ 4 ಗ್ರಾಂ, ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 6.5 ಗ್ರಾಂ. ಲವಣ ಹಾಕದೆ ಬರೀ ನಲ್ಲಿ ನೀರು ಬೆರೆಸಿದರೆ ದ್ರಾವಣ ಹುಳಿಯಾಗಿ ಡಿಎನ್‌ಎ ಚೂರುಚೂರಾಗುತ್ತದೆ. ಸ್ಲೈಡ್ ಚೆನ್ನಾಗಿಯೇ ಕಾಣುತ್ತದೆ, ಜೀನಿನ ಪರೀಕ್ಷೆ ಮಾತ್ರ ‘ಫಲಿತಾಂಶ ಬರಲಿಲ್ಲ’ ಎಂದು ವಾಪಸಾಗುತ್ತದೆ. ಆರು ಗಂಟೆಗೆ ಕಡಿಮೆ ನೆನೆದರೂ ಕಷ್ಟ, ಮೂರು ದಿನ ಮೀರಿದರೂ ಕಷ್ಟ. ಶನಿವಾರ ಸಂಜೆ ತೆಗೆದ ತುಣುಕು ಹಬ್ಬದ ರಜೆ ಕಳೆದು ಬುಧವಾರ ಮೇಣದಲ್ಲಿ ಕೂರಿಸಿ ಬ್ಲಾಕ್ ಆಗುವ ಕಡೆ ಆಗುವುದು ಇದೇ.

ಪರೀಕ್ಷೆಗಳಿಗೂ ಕ್ರಮವಿದೆ. ಮೊದಲು ಐಡಿಎಚ್1 ಆರ್132ಎಚ್ ಎಂಬ ಬದಲಾವಣೆಗೆ ಪ್ರತಿಕಾಯದ ಬಣ್ಣ, ಜೊತೆಗೆ ಎಟಿಆರ್‌ಎಕ್ಸ್ ಎಂಬ ಇನ್ನೊಂದು ಪ್ರೋಟೀನಿಗೆ ಬಣ್ಣ. ಐಡಿಎಚ್ ಬಣ್ಣ ಬಾರದಿದ್ದರೆ ಮ್ಯುಟೇಷನ್ ಇಲ್ಲವೆಂದು ಕೂಡಲೇ ಬರೆಯಬಾರದು. ಬೇರೆ ಬಗೆಯ ಐಡಿಎಚ್ ಮ್ಯುಟೇಷನ್ನುಗಳನ್ನು ಈ ಪ್ರತಿಕಾಯ ಹಿಡಿಯುವುದಿಲ್ಲ, 55 ವರ್ಷದೊಳಗಿನವರಿಗೆ ಸೀಕ್ವೆನ್ಸಿಂಗ್ ಆಗಲೇಬೇಕು. ಮ್ಯುಟೇಷನ್ ಇದ್ದು ಎಟಿಆರ್‌ಎಕ್ಸ್ ಉಳಿದಿದ್ದರೆ 1ಪಿ ಮತ್ತು 19ಕ್ಯೂ, ಅಂದರೆ 1 ಮತ್ತು 19ನೇ ವರ್ಣತಂತುಗಳ ಒಂದೊಂದು ತೋಳು, ಎರಡೂ ಪೂರ್ತಿ ಕಳೆದಿವೆಯೇ ಎಂದು ನೋಡಬೇಕು. ಹೊಳೆಯುವ ಡಿಎನ್‌ಎ ತುಣುಕು ಅಂಟಿಸಿ ನೋಡುವ ಫಿಶ್ ಪರೀಕ್ಷೆ ತೋಳಿನ ಒಂದು ಬಿಂದುವನ್ನಷ್ಟೇ ನೋಡುವುದರಿಂದ, ತುಸುವೇ ಕಳೆದದ್ದೂ ಪೂರ್ತಿ ಕಳೆದಂತೆ ಕಾಣಬಹುದು. ಎಂಜಿಎಂಟಿ ಜೀನು ಮುಚ್ಚಿದೆಯೇ ಎಂದು ನೋಡಲು ಡಿಎನ್‌ಎಗೆ ಬೈಸಲ್ಫೈಟ್ ಎಂಬ ರಾಸಾಯನಿಕ ಹಾಕುತ್ತಾರೆ. ಅದು ಡಿಎನ್‌ಎಯ ಅಕ್ಷರಗಳಲ್ಲೊಂದಾದ ಸೈಟೊಸಿನ್ ಮೀಥೈಲ್ ಇಲ್ಲದಿದ್ದರೆ ಅದನ್ನು ಯುರಾಸಿಲ್ ಮಾಡುತ್ತದೆ, ಮೀಥೈಲ್ ಇರುವುದನ್ನು ಬಿಡುತ್ತದೆ. ಆ ಮಾರ್ಪಾಡು ಅರ್ಧಕ್ಕೆ ನಿಂತರೆ ಮುಚ್ಚದ ಜೀನೂ ಮುಚ್ಚಿದಂತೆ ಕಂಡು ರೋಗಿಗೆ ಸುಳ್ಳು ಭರವಸೆ ಹೋಗುತ್ತದೆ. ಮಕ್ಕಳಲ್ಲಿ ಮೆದುಳಿನ ನಡುಗೆರೆಯ ಗಡ್ಡೆಯಿದ್ದರೆ ಎಚ್3 ಕೆ27ಎಂ ಎಂಬ ಬದಲಾವಣೆಯ ಬಣ್ಣ ಮರೆಯಬಾರದು.

ಕರ್ನಾಟಕಕ್ಕೆ ಇದು ದೂರದ ಮಾತಲ್ಲ. ಬೆಂಗಳೂರಿನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಕುಮಾರವೇಲ್ ಸೋಮಸುಂದರಂ ಅವರ ಪ್ರಯೋಗಾಲಯ ಮತ್ತು ನಿಮ್ಹಾನ್ಸ್‌ನ ವಾಣಿ ಸಂತೋಷ್ ಮೊದಲಾದ ರೋಗಶಾಸ್ತ್ರಜ್ಞರು ಗ್ಲಿಯೊಬ್ಲಾಸ್ಟೋಮಾದ ಜೀನ್ ಮತ್ತು ಮೀಥೈಲೇಷನ್ ಗುರುತುಗಳ ಮೇಲೆ ವರ್ಷಗಳಿಂದ ಒಟ್ಟಾಗಿ ಕೆಲಸ ಮಾಡಿದ್ದಾರೆ. ಆ ಕೆಲಸಕ್ಕೂ ಮೂಲದ್ರವ್ಯ ಇಲ್ಲಿನ ರೋಗಿಗಳು ಒಪ್ಪಿಗೆಯಿತ್ತು ಕೊಟ್ಟ ಗಡ್ಡೆಯ ತುಣುಕೇ. ಜಿಲ್ಲಾ ಕೇಂದ್ರಗಳಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆ ಹೆಚ್ಚುತ್ತಿರುವಾಗ, ಪ್ರತಿ ಥಿಯೇಟರಿನಲ್ಲೂ ಮೇಲೆ ಹೇಳಿದಂತೆ ಲವಣ ಬೆರೆಸಿ ಬಫರ್ ಮಾಡಿದ ಫಾರ್ಮಲಿನ್ ಇರಲಿ, ಡಬ್ಬಿಯ ಮೇಲೆ ತುಣುಕು ತೆಗೆದ ಗಂಟೆ ನಿಮಿಷ ಬರೆಯುವುದನ್ನು ಆರೋಗ್ಯ ಇಲಾಖೆ ಕಡ್ಡಾಯ ಮಾಡಲಿ. ದುಬಾರಿ ಯಂತ್ರ ಕೊಳ್ಳುವ ಮೊದಲೇ ಇದಾಗಬೇಕು.

ಮನೆಯವರಿಗೆ: ಬೇರೆ ಆಸ್ಪತ್ರೆಗೆ ಹೋಗುವಾಗ ಬಣ್ಣ ಹಾಕಿದ ಸ್ಲೈಡುಗಳಷ್ಟೇ ಸಾಲದು, ಮೇಣದ ಬ್ಲಾಕನ್ನೂ ಬರೆದುಕೊಟ್ಟು ಕೇಳಿ ಪಡೆಯಿರಿ. ಅದರ ಮೇಲಿನ ಸಂಖ್ಯೆ ವರದಿಯ ಸಂಖ್ಯೆಗೆ ತಾಳೆಯಾಗುತ್ತದೆಯೇ ನೋಡಿಕೊಳ್ಳಿ. ಆ ಮೇಣ 56ರಿಂದ 60 ಡಿಗ್ರಿಗೆ ಕರಗುತ್ತದೆ. ಬೇಸಿಗೆಯಲ್ಲಿ ರಾಯಚೂರು, ಕಲಬುರಗಿಯ ಕಡೆಯಿಂದ ಬರುವವರು ಅದನ್ನು ಬಿಸಿಲಿಗೆ ನಿಂತ ಕಾರಿನ ಮುಂಭಾಗದಲ್ಲಿ ಬಿಡದೆ, ಹತ್ತಿಯಲ್ಲಿ ಸುತ್ತಿ ಸಣ್ಣ ಡಬ್ಬಿಯಲ್ಲಿಟ್ಟು ಕೈಚೀಲದಲ್ಲೇ ತನ್ನಿ. ಕೆಲಸ ಮುಗಿದ ಮೇಲೆ ಉಳಿದ ಬ್ಲಾಕನ್ನು ವಾಪಸು ಕೇಳಿ ಮೂಲ ಆಸ್ಪತ್ರೆಗೆ ಮುಟ್ಟಿಸಿ; ಗಡ್ಡೆ ಮರಳಿದರೆ ಹೋಲಿಸಿ ನೋಡಲು ಅದು ಬೇಕಾಗುತ್ತದೆ.

ಇಂತಿ,
ರೋಗಶಾಸ್ತ್ರ ಪ್ರಯೋಗಾಲಯದ ಸಹೋದ್ಯೋಗಿಗಳು,
ಬೆಂಗಳೂರು