ಹಳೆ ಬ್ಯಾಟರಿ ಕಸದ ಗಾಡಿಗೆ ಬೇಡ

ಸಂಪಾದಕರೇ,

ಕಳೆ ಕೊಚ್ಚುವ, ಬೇಲಿ ಗಿಡ ಕತ್ತರಿಸುವ ಯಂತ್ರಗಳ ಹಳೆ ಬ್ಯಾಟರಿಗಳನ್ನು ಜನ ಮನೆಯ ಕಸದ ಜೊತೆಗೇ ಎಸೆಯುತ್ತಿರುವುದು ಅಪಾಯಕಾರಿ. ಪೆಟ್ರೋಲ್ ಯಂತ್ರದ ಹೊಗೆ, ಅಷ್ಟು ಗದ್ದಲ ಈ ಬ್ಯಾಟರಿ ಯಂತ್ರಗಳಲ್ಲಿಲ್ಲ. ಆ ಮಟ್ಟಿಗೆ ಒಳ್ಳೆಯದೇ. ಆದರೆ ಲಿಥಿಯಂ ಬ್ಯಾಟರಿ ಜಜ್ಜಿದರೆ, ತೂತಾದರೆ ಒಳಗೇ ಶಾರ್ಟ್ ಆಗಿ ಹೊತ್ತಿಕೊಳ್ಳಬಹುದು.

ಕಳೆದ ವಾರ ನಮ್ಮ ಬೀದಿಯ ಒಣ ಕಸದ ಚೀಲದಲ್ಲಿ ಅಂಥದ್ದೊಂದು ಇತ್ತು. ಪ್ಲಾಸ್ಟಿಕ್ ಕವಚ ಬಿರುಕು ಬಿಟ್ಟು ಒಳಗಿನ ತಂತಿ ಕಾಣುತ್ತಿತ್ತು. ಕಸ ಒಯ್ಯಲು ಬಂದ ಪೌರಕಾರ್ಮಿಕ ಮಹಿಳೆ ಅದನ್ನು ಬರಿಗೈಯಲ್ಲೇ ಎತ್ತಿದರು. ನನ್ನ ಎದೆ ಧಸಕ್ಕೆಂದಿತು. ಗಾಡಿಯಲ್ಲಿ ಕಾಗದ, ಪ್ಲಾಸ್ಟಿಕ್ ನಡುವೆ ಕಿಡಿ ಬಿದ್ದರೆ ಅವರ ಗತಿಯೇನು?

2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಕೆದಾರರು ಹಳೆ ಬ್ಯಾಟರಿಯನ್ನು ಬೇರೆ ಕಸದೊಂದಿಗೆ ಬೆರೆಸುವಂತಿಲ್ಲ. ಅದರ ಸಂಗ್ರಹ, ಮರುಬಳಕೆಯ ಹೊಣೆ ತಯಾರಕರದ್ದು. ಆದರೆ ಎಲ್ಲಿ ಕೊಡಬೇಕು ಅಂತ ಕೊಳ್ಳುವಾಗ ಯಾರೂ ಹೇಳುವುದಿಲ್ಲ, ಅಲ್ವಾ?

ಇಂಥ ಯಂತ್ರ ಮಾರುವ ಪ್ರತಿ ಅಂಗಡಿಯಲ್ಲೂ ಹಳೆ ಬ್ಯಾಟರಿ ಪಡೆಯುವ ಡಬ್ಬಿ ಇರಿಸಲು ಸ್ಥಳೀಯ ಆಡಳಿತ ಸೂಚಿಸಲಿ. ಅಲ್ಲಿಯವರೆಗೆ ನಾವು ಅದರ ತುದಿಗಳಿಗೆ ಟೇಪ್ ಅಂಟಿಸಿ, ಬೇರೆಯೇ ಇಟ್ಟು, ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಕೊಡೋಣ.

– ಒಬ್ಬ ಓದುಗ, ಶಿವಮೊಗ್ಗ